ಕಮಲವ್ವನ ಕೌದಿಗೆ ಯಾವ ದಾರ

ಹೊಲಿಗೆ ತರಬೇತಿ ಕೇಂದ್ರಕ್ಕೆ ಹೊಸದಾಗಿ ಸೇರಿದ ಶಿಕ್ಷಕಿಯರು ಆಗಾಗ ನಮ್ಮ ಮನೆಗೆ ಬರುತ್ತಾರೆ. ಚಹಾ ತಣ್ಣಗಾಗುವ ಮೊದಲೇ ಒಂದು ಪ್ರಶ್ನೆ ಬರುತ್ತದೆ: ಕೌದಿಗೆ ಹತ್ತಿ ದಾರ ಒಳ್ಳೆಯದೋ, ಪಾಲಿಸ್ಟರ್ ದಾರವೋ? ಒಂದೇ ಮಾತಿನಲ್ಲಿ ಹೇಳಿಬಿಟ್ಟರೆ ಅವರಿಗೂ ಸಮಾಧಾನ, ನನಗೂ. ಆದರೆ ರಾಣೇಬೆನ್ನೂರಿನ ಅದೇ ಕೇಂದ್ರದಲ್ಲಿ ಕುಳಿತು, ಹಾವೇರಿ, ಬ್ಯಾಡಗಿ ಕಡೆಯ ಹೆಣ್ಣುಮಕ್ಕಳು ಹೊಲಿದು ತಂದ ಕೌದಿಗಳನ್ನು ಮಡಚಿ ಬಿಚ್ಚಿ ನೋಡುತ್ತಲೇ ನೌಕರಿ ಮುಗಿಸಿದ ಮೇಲೂ ಆ ಒಂದು ಮಾತು ನನಗೆ ಸಿಕ್ಕಿಲ್ಲ. ಬರೆದರೆ ಸಿಕ್ಕೀತೇನೋ ಎಂದು ಕುಳಿತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ದಿನಚರಿ ಬರೆಯುವ ಅಭ್ಯಾಸವಿದೆ. ಆದರೆ ಯಾವ ಸಭೆಗೆ ಯಾರು ತಡವಾಗಿ ಬಂದರು, ಬಸ್ಸು ಎಲ್ಲಿ ಕೆಟ್ಟು ನಿಂತಿತು ಎಂಬುದೆಲ್ಲ ಅದರಲ್ಲಿದೆ, ಈಗ ಬೇಕಾದದ್ದು ಇಲ್ಲ. ದೊಡ್ಡದು ನಡೆದ ದಿನ ಬರೆಯುವಷ್ಟು ಚೈತನ್ಯ ಉಳಿದಿರುತ್ತಿರಲಿಲ್ಲ. ಹಾಗಾಗಿ ಮುಂದಿನದರಲ್ಲಿ ಕೆಲವು ಮಾತುಗಳು ಆಡಿದಂತೆಯೇ ಇವೆ, ಕೆಲವು ನಾನು ಹತ್ತು ಜನರ ಮುಂದೆ ಹೇಳಿ ಹೇಳಿ ನುಣ್ಣಗಾಗಿರಬಹುದು. ಅನುಮಾನವಿದ್ದಲ್ಲಿ ಅನುಮಾನ ಎಂದೇ ಬರೆಯುತ್ತೇನೆ.

ಧಾರವಾಡದಲ್ಲಿ ಎಂ.ಎಸ್ಸಿ. ಓದುವಾಗ ಸೂಕ್ಷ್ಮದರ್ಶಕದ ಕೆಳಗೆ ಪಾಲಿಸ್ಟರಿನ ಒಂದು ಎಳೆ, ಹತ್ತಿಯ ಒಂದು ಎಳೆ ಪಕ್ಕಪಕ್ಕ ಇಟ್ಟು ನೋಡಿದ್ದೆ. ಪಾಲಿಸ್ಟರ್ ಗಾಜಿನ ಕಡ್ಡಿಯ ಹಾಗಿತ್ತು. ನುಣ್ಣಗೆ, ಎಲ್ಲಿ ನೋಡಿದರೂ ಒಂದೇ ದಪ್ಪ. ಹತ್ತಿ ಒಣಗಿದ ಬಳ್ಳಿಯ ಹಾಗೆ ಅಲ್ಲಲ್ಲಿ ತಿರುಚಿಕೊಂಡು ಚಪ್ಪಟೆಯಾಗಿತ್ತು. ಗಿಡದ ಮೇಲಿದ್ದಾಗ ಅದು ಜೀವರಸ ತುಂಬಿದ ಕೊಳವೆ, ಕಾಯಿ ಒಡೆದು ಬಿಸಿಲಿಗೆ ಒಣಗಿದಾಗ ಕುಸಿದು ತಿರುಚಿಕೊಳ್ಳುತ್ತದೆ, ಆ ತಿರುಚಿನಿಂದಲೇ ಒಂದು ಎಳೆ ಇನ್ನೊಂದನ್ನು ಹಿಡಿದುಕೊಂಡು ನೂಲಾಗುತ್ತದೆ ಎಂದು ನಮ್ಮ ಪ್ರಾಧ್ಯಾಪಕಿ ವಿವರಿಸಿದರು. ಚಿಕ್ಕಂದಿನಲ್ಲಿ ಹೊಲದಲ್ಲಿ ಬಿಡಿಸಿ ಉಡಿಗೆ ತುಂಬಿಕೊಳ್ಳುತ್ತಿದ್ದ ಹತ್ತಿ ಅದೇ. ನಾನು ಉಟ್ಟಿದ್ದ ಸೀರೆಯೂ ಅದೇ. ಕಣ್ಣು ಮಸೂರದಿಂದ ತೆಗೆದು ಸೆರಗನ್ನು ನೋಡಿಕೊಂಡೆ. ಈ ಉದ್ಯೋಗಕ್ಕೆ ನಾನು ಸೇರಿದ್ದು ಆ ಕ್ಷಣದಲ್ಲೇ ಇರಬೇಕು. ನೇಮಕದ ಆದೇಶ ಆಮೇಲೆ ಬಂತು.

ಕೇಂದ್ರದಲ್ಲಿ ಸೂಕ್ಷ್ಮದರ್ಶಕ ಇರಲಿಲ್ಲ. ಅದರ ಬದಲು ಊದಿನಕಡ್ಡಿ ಸಿಕ್ಕಿತು. ರಾಣೇಬೆನ್ನೂರು ಪೇಟೆಯಲ್ಲಿ ದಾರ, ಗುಂಡಿ, ಲೇಸು ಮಾರುವ ಚನ್ನಬಸಪ್ಪನವರ ಅಂಗಡಿಯಿಂದ ನಾವು ದಾರ ತರುತ್ತಿದ್ದೆವು. ಹತ್ತಿ ಎಂದು ಚೀಟಿ ಅಂಟಿಸಿದ ರೀಲಿನಲ್ಲಿ ಅರ್ಧ ಪಾಲಿಸ್ಟರ್ ಬರುವುದು ಆಗಲೂ ಇತ್ತು. ಅವರು ದಾರದ ತುದಿಯನ್ನು ದೇವರ ಪಟದ ಮುಂದಿನ ಊದಿನಕಡ್ಡಿಯ ಕೆಂಡಕ್ಕೆ ತಾಗಿಸಿ ತೋರಿಸುತ್ತಿದ್ದರು.

“ನೋಡ್ರಿ ಅಕ್ಕೋರ, ಬೂದಿ ಆದ್ರ ಹತ್ತಿ. ಗುಂಡು ಕಟ್ಟಿದ್ರ ಪಾಲಿಸ್ಟರ್. ಎರಡೂ ಆದ್ರ ಯಾರೋ ನಮಗ ಟೊಪಗಿ ಹಾಕ್ಯಾರ ಅಂತ ತಿಳಕೋರಿ.”

“ಕೌದಿಗೆ ಯಾವುದು ಛಲೋ ಅಂತೀರಿ?” ಎಂದು ನಾನೂ ಕೇಳಿದ್ದುಂಟು, ಈಗಿನ ಹುಡುಗಿಯರ ಹಾಗೆಯೇ.

“ಹತ್ತಿ ದಾರ ಒಯ್ದ ಹೆಣ್ಮಕ್ಕಳು ಬೈಕೋತ ಹೊಲೀತಾರ, ಗಂಟು ಬೀಳತೈತಿ, ಹರೀತೈತಿ ಅಂತ. ಪಾಲಿಸ್ಟರ್ ಒಯ್ದವರು ಹರಟಿ ಹೊಡಕೋತ ಹೊಲೀತಾರ. ನನಗ ಇಬ್ರೂ ಗಿರಾಕಿನ.”

ನಮ್ಮ ಮೇಲಧಿಕಾರಿಗೆ ಮಾತ್ರ ಹತ್ತಿಯವರಷ್ಟೇ ಸರಿ. ಹತ್ತಿ ಬಟ್ಟೆ, ಹತ್ತಿ ದಾರ, ಬೇರೆ ಮಾತೇ ಇಲ್ಲ ಎನ್ನುತ್ತಿದ್ದರು. ಕೌದಿ ಬಂದ ಕೂಡಲೇ ಉಗುರಿನಿಂದ ಒಂದು ಹೊಲಿಗೆ ಎತ್ತಿ, ಹೊಳಪು ಕಂಡರೆ ಪಕ್ಕಕ್ಕೆ ಸರಿಸುತ್ತಿದ್ದರು. ಹೆಣ್ಣುಮಕ್ಕಳು ಹಿಂದಿನಿಂದ ಅವರಿಗೆ “ಉಗುರವ್ವ” ಎಂದು ಹೆಸರಿಟ್ಟಿದ್ದರು. ಹಟವೆಂದು ನನಗೂ ಅನ್ನಿಸುತ್ತಿತ್ತು. ಆದರೆ ಅವರ ಹಟಕ್ಕೆ ಕಾರಣವಿತ್ತು. ಕೌದಿಯೆಂದರೆ ಹಳೆಯ ಸೀರೆ, ಧೋತರಗಳ ಪದರು. ಉಟ್ಟು ಒಗೆದು ಬೆಣ್ಣೆಯಂತಾದ ಬಟ್ಟೆ. ಅದಕ್ಕೆ ಗಟ್ಟಿ ಪಾಲಿಸ್ಟರ್ ದಾರ ಹಾಕಿ ಬಿಗಿದರೆ, ಕೆಲವು ವರ್ಷಗಳಲ್ಲಿ ಬಟ್ಟೆ ಹೊಲಿಗೆಯ ಗೆರೆಗುಂಟ ಸೀಳಿಕೊಂಡು ಬರುತ್ತಿತ್ತು, ಅಂಚೆ ಚೀಟಿಯನ್ನು ತೂತುಗಳ ಸಾಲಿನಲ್ಲಿ ಹರಿದ ಹಾಗೆ. ದಾರ ಮಾತ್ರ ಹೊಸದರಂತೆ ಹೊಳೆಯುತ್ತಿರುತ್ತಿತ್ತು. ಇದು ದಾರದ ತಪ್ಪೋ, ಯಂತ್ರದ ಸೂಜಿ ತೀರ ಒತ್ತೊತ್ತಾಗಿ ತೂತು ಹಾಕಿದ್ದರ ತಪ್ಪೋ ಎಂದು ನಾನು ಬಹಳ ಯೋಚಿಸಿದ್ದೇನೆ. ಎರಡೂ ಇರಬೇಕು. ಹೊಸ ಬಟ್ಟೆಯಲ್ಲಿ ಇಷ್ಟು ಕಂಡಿಲ್ಲ.

ಆ ನಿಯಮ ಮುರಿದದ್ದು ಬ್ಯಾಡಗಿಯ ಶೀತಲಗೃಹದಲ್ಲಿ.

ಅಲ್ಲಿಯ ಮಹಿಳಾ ಗುಂಪಿನಲ್ಲಿ ಕಮಲವ್ವ ಎಂಬಾಕೆ ಇದ್ದಳು. ಹಗಲು ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸುವ ಕೆಲಸ, ಉಳಿದ ಹೊತ್ತಿನಲ್ಲಿ ಕೌದಿ. ಗಂಡ ಫಕ್ಕೀರಪ್ಪ ಶೀತಲಗೃಹದಲ್ಲಿ ಹಮಾಲ. ಬೇಸಿಗೆಯಲ್ಲಿ ಹೊರಗೆ ಕಾದ ಹಂಚಿನಂಥ ಬಿಸಿಲು, ಒಳಗೆ ಮೈ ನಡುಗುವ ಥಂಡಿ. ದಿನವಿಡೀ ಚೀಲ ಹೊತ್ತು ಎರಡರ ನಡುವೆ ಓಡಾಡುವ ಹಮಾಲರಿಗೆ ಕೌದಿಯಂತೆ ಪದರು ಹಾಕಿದ ಅಂಗಿ ಹೊಲಿದುಕೊಡಬೇಕೆಂದು ಆಕೆಯೇ ಸೂಚಿಸಿದಳು. ಅಳತೆ ತೆಗೆಯಲು ನಾನೂ ಒಳಗೆ ಹೋಗಿದ್ದೆ. ಬಾಗಿಲು ತೆರೆದಾಗ ಬಿಳಿ ಆವಿ ನೆಲಕ್ಕೆ ಇಳಿಯಿತು. ಮಂದ ದೀಪದಲ್ಲಿ ಛಾವಣಿಯವರೆಗೆ ಚೀಲ, ಚೀಲದ ಸಂದಿಯಿಂದ ಕೆಂಪು. ಅಷ್ಟು ಮೆಣಸಿನಕಾಯಿ ಅಷ್ಟು ನಿಶ್ಶಬ್ದವಾಗಿ ಮಲಗಿರುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಸೀನು ಕೂಡ ಬರಲಿಲ್ಲ. ದೊಡ್ಡ ಗುಡಿಯೊಳಗೆ ನಿಂತಂತೆ ಧ್ವನಿ ತಗ್ಗಿಸಿ ಮಾತಾಡಿದೆ.

ನಿಯಮದಂತೆ ಹತ್ತಿ ದಾರದಲ್ಲೇ ಹೊಲಿದರು. ಒಂದು ಹಂಗಾಮು ಕಳೆಯಿತೋ ಇಲ್ಲವೋ, ಫಕ್ಕೀರಪ್ಪ ಅದೇ ಅಂಗಿ ತೊಟ್ಟು ರಾಣೇಬೆನ್ನೂರಿಗೆ ಬಂದು, ಮೇಲಧಿಕಾರಿಯ ಎದುರೇ ಬೆನ್ನು ತಿರುಗಿಸಿ ನಿಂತ.

“ನೋಡ್ರಿ ಅಕ್ಕೋರ, ನಿಮ್ಮ ಅಂಗಿ ನನ್ನ ಬೆನ್ನ ಮ್ಯಾಲ ಬಾಯಿ ತಗದೈತಿ. ಮಂದಿ ಅದರೊಳಗ ಎಲಿ ಅಡಕಿ ಹಾಕಾಕ ಬರತಾರ.”

ಮೇಲಧಿಕಾರಿಯೂ ನಕ್ಕರು. ಉಗುರಿನಿಂದ ಎತ್ತಿದರೆ ದಾರ ಹಿಟ್ಟಿನಂತೆ ಉದುರಿತು, ಬೂಷ್ಟಿನ ವಾಸನೆ. ಒಳಗಿನ ಥಂಡಿ, ಹೊರಗಿನ ಬೆವರು ಸೇರಿ ಅಂಗಿ ಸದಾ ಹಸಿಯಾಗಿರುತ್ತಿತ್ತು, ಹತ್ತಿ ದಾರ ಒಣಗಲು ಬಿಡುವೇ ಇರಲಿಲ್ಲ, ಕೊಳೆತಿತ್ತು. ಪಾಲಿಸ್ಟರಿನಲ್ಲಿ ಮತ್ತೆ ಹೊಲಿಸಿದೆವು. ಅಂಗಿಯ ಬಟ್ಟೆ ತೇಪೆ ಮೇಲೆ ತೇಪೆ ಕಂಡರೂ ಆ ಹೊಲಿಗೆ ಬಿಡಲಿಲ್ಲ. ಹಾಸಿ ಹೊದೆಯುವುದಕ್ಕೆ ಹತ್ತಿ, ದುಡಿಯುವ ಬಟ್ಟೆಗೆ ಪಾಲಿಸ್ಟರ್ ಎಂದು ಮೇಲಧಿಕಾರಿ ತಾವೇ ನಿಯಮ ತಿದ್ದಿದರು. ತಿದ್ದಿದ್ದಕ್ಕೆ ಅವರನ್ನು ನಾನು ಇವತ್ತಿಗೂ ಗೌರವಿಸುತ್ತೇನೆ.

ಫಕ್ಕೀರಪ್ಪ ಮಾತ್ರ ಪಾಲಿಸ್ಟರಿಗೆ ಮನಸೋತುಬಿಟ್ಟ. ಮುಂದಿನದು ಆ ಪ್ರೀತಿಯಿಂದ ಆದದ್ದು.

ಕೆಲವು ವರ್ಷಗಳ ನಂತರ, ನನ್ನ ನಿವೃತ್ತಿ ಹತ್ತಿರ ಬಂದಾಗ, ಗಂಡ ಹೆಂಡತಿ ಇಬ್ಬರೂ ಗಂಟು ಹಿಡಿದು ಕೇಂದ್ರಕ್ಕೆ ಬಂದರು. ಫಕ್ಕೀರಪ್ಪ ಬಾಗಿಲ ಹೊರಗೇ ನಿಂತ. ಕಮಲವ್ವ ಗಂಟು ಬಿಚ್ಚಿ ಒಂದು ಹಳೆಯ ಕೌದಿಯನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹಾಸಿದಳು. ಅಂಗೈ ಇಟ್ಟರೆ ಬೆಕ್ಕಿನ ಮೈಯಷ್ಟು ಮೆತ್ತಗೆ. ಆದರೆ ಮೇಲಿಂದ ಕೆಳಗೆ ಸಾಲುಸಾಲಾಗಿ ಯಂತ್ರದ ಹೊಲಿಗೆ, ಪ್ರತಿ ಸಾಲಿಗೂ ಒಂದೊಂದು ಸೀಳು.

“ನಮ್ಮವ್ವ ಹೊಲದದ್ರಿ ಇದು,” ಎಂದಳು. “ನಾ ಇನ್ನೂ ಅಂಬೆಗಾಲು ಇಡೂ ಮುಂದ ಹೋದ್ಲಂತ. ಗಳಗನಾಥದಾಗ ನಮ್ಮ ಚಿಗವ್ವ ನನ್ನ ಜ್ವಾಪಾನ ಮಾಡಿದ್ಲು. ಅವ್ವನ ಫೋಟೋ ಇಲ್ಲ, ಸೀರಿ ಇಲ್ಲ. ಇದೊಂದ ಐತ್ರಿ.”

“ಮಶೀನ್ ಯಾರು ಹಾಕಿದ್ರು?”

ಆಕೆ ಬಾಗಿಲ ಕಡೆ ಗಲ್ಲ ಎತ್ತಿ ತೋರಿಸಿದಳು. “ಅಲ್ಲಿ ನಿಂತಾರ ನೋಡ್ರಿ, ಸಾಹೇಬ್ರು.”

“ಅಲ್ರಿ ಅಕ್ಕೋರ,” ಎಂದ ಫಕ್ಕೀರಪ್ಪ, ಹೊರಗಿನಿಂದಲೇ. “ನನ್ನ ಅಂಗಿ ಹೆಂಗ ಗಟ್ಟಿ ನಿಂತಿತ್ತು. ಅದ ದಾರದಾಗ ಇದನ್ನೂ ಬಿಗದ್ರ ಆಕಿ ಮಮ್ಮಕ್ಕಳ ಕಾಲಕ್ಕೂ ಇರತೈತಿ ಅಂತ ದರ್ಜಿ ಕಡೆ ಒಯ್ದೆ. ಆಕಿಗೆ ಹೇಳದ ಮಾಡಿಸಿದ್ದೆ. ಖುಷಿ ಪಡತಾಳ ಅಂತ.”

“ಪಟ್ಟೇನಲಾ. ಆವತ್ತ ಖುಷಿನ ಪಟ್ಟೆ,” ಎಂದಳು ಕಮಲವ್ವ. ಬೈಗುಳವಾಗಿರಲಿಲ್ಲ ಅದು.

ಮಗಳು ಶಿಲ್ಪಾ ಚೊಚ್ಚಲ ಬಸುರಿ; ಬಾಣಂತನಕ್ಕೆ ತವರಿಗೆ ಬಂದಿದ್ದಳು. ಕೂಸನ್ನು ಮೊದಲು ಈ ಕೌದಿಯ ಮೇಲೆ ಮಲಗಿಸಬೇಕು ಎಂಬುದು ಕಮಲವ್ವನ ಆಸೆ. ಹಾಗೇ ಬಿಟ್ಟರೆ ಒಂದು ಒಗೆತಕ್ಕೆ ಚಿಂದಿಯಾಗುತ್ತದೆ. ಬಿಚ್ಚಿದರೆ ಬಿಚ್ಚುವಾಗಲೇ ಚಿಂದಿಯಾದರೆ? ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಹೇಳಿದೆ. ಆಕೆ ಬಹಳ ಹೊತ್ತು ಕೌದಿಯ ಮೇಲೆ ಕೈಯಾಡಿಸಿ, “ಬಿಚ್ರಿ,” ಎಂದಳು.

ಮೊದಲು ಪಾಲಿಸ್ಟರ್ ತೆಗೆದೆವು. ಅಲ್ಲಲ್ಲಿ ಕತ್ತರಿಸಿ ತುದಿ ಹಿಡಿದು ಎಳೆದರೆ ಸುರ್ರನೆ ಬಂದುಬಿಟ್ಟಿತು. ಅಷ್ಟು ವರ್ಷ ಆ ಬಟ್ಟೆಯೊಳಗೆ ಇದ್ದರೂ ಅದು ಯಾವುದಕ್ಕೂ ಅಂಟಿಕೊಂಡಿರಲಿಲ್ಲ. ಹೋಗುವಾಗ ಅದರಿಂದ ಏನೂ ತೊಂದರೆಯಾಗಲಿಲ್ಲ, ಅದನ್ನೂ ಹೇಳಬೇಕು. ಆಮೇಲೆ ಸೀಳಿದ ಪದರುಗಳಿಗೆ ಆಸರೆಯಾಗಿ ಒಳಗೆ ಬೇರೆ ಬಟ್ಟೆ ಇಡಬೇಕಿತ್ತು. ಅದಕ್ಕೆ ಫಕ್ಕೀರಪ್ಪನ ಹಳೆಯ ಧೋತರವನ್ನೇ ತಂದಿದ್ದರು. ಇಡಬೇಕಾದರೆ ಒಂದು ಅಂಚಿನಲ್ಲಿ ಅವ್ವನ ಕೈಹೊಲಿಗೆಯನ್ನೂ ಸ್ವಲ್ಪ ಬಿಡಿಸಬೇಕು. ಅಲ್ಲಿ ಹೊಲಿಗೆ ಎಳೆದರೆ ಬರುತ್ತಿರಲಿಲ್ಲ. ದಾರ ಬಟ್ಟೆಯ ಜೊತೆ ನೂಲುವ ಹಂಜಿಯ ಎಳೆಗಳಂತೆ ಬೆರೆತು, ಯಾವುದು ದಾರ, ಯಾವುದು ಸೀರೆ ಎಂದು ಸೂಜಿಮೊನೆಯಿಂದ ಕೇಳಿ ಕೇಳಿ ಬಿಡಿಸಬೇಕಾಯಿತು. ಅದನ್ನು ಕಮಲವ್ವನೇ ಮಾಡಿದಳು. ನಾನು ಕೈ ಹಚ್ಚಲಿಲ್ಲ.

ಮೇಲಿನ ಪದರು ಎತ್ತಿದಾಗ ಇಬ್ಬರೂ ಬಗ್ಗಿ ನೋಡಿದೆವು.

ಹೊರಗೆ ಕಾಣುತ್ತಿದ್ದ ಹೊಲಿಗೆ ಬಿಸಿಲಿಗೆ, ನೀರಿಗೆ ಬೂದಿಬಣ್ಣಕ್ಕೆ ತಿರುಗಿತ್ತು. ಅದೇ ದಾರ ಪದರುಗಳ ಒಳಗೆ, ಬೆಳಕು ತಾಗದ ಕಡೆ, ತೆಳುವಾದ ಕೆಂಪು. ಕುಂಕುಮದ ಕೆಂಪಲ್ಲ, ಎಣ್ಣೆಯಲ್ಲಿ ಮೆಣಸಿನಕಾಯಿ ಹಾಕಿದಾಗ ಎಣ್ಣೆ ತಿರುಗುವ ಕೆಂಪು. ಎಲ್ಲ ಕಡೆ ಒಂದೇ ಸಮ ಇರಲಿಲ್ಲ. ಒಂದೊಂದು ಸಲ ಸೂಜಿಗೆ ಪೋಣಿಸಿದ ದಾರದಲ್ಲಿ ಮೊದಲು ಗಾಢ, ಹೋಗುತ್ತ ಹೋಗುತ್ತ ತಿಳಿ, ಮತ್ತೆ ಹೊಸ ದಾರ, ಮತ್ತೆ ಗಾಢ. ಬೆರಳುಗಳ ನಡುವೆ ಎಳೆದುಕೊಂಡಾಗ ಬೆರಳಿನ ಬಣ್ಣ ದಾರಕ್ಕೆ ಹತ್ತಿದ ಹಾಗೆ.

ಇಲ್ಲಿ ನನ್ನ ಅನುಮಾನ ಬರೆಯಬೇಕು. ಮೆಣಸಿನ ಬಣ್ಣ ಬಿಸಿಲಿಗೆ ಹಾರುತ್ತದೆ ಎಂದು ಬಲ್ಲೆ; ಕತ್ತಲಲ್ಲಿ ಅಷ್ಟು ಕಾಲ, ಅಷ್ಟು ಒಗೆತ ದಾಟಿ ಉಳಿಯುತ್ತದೆಯೇ? ಹತ್ತಿರದಲ್ಲೇ ಒಂದು ಕೆಂಪು ಸೀರೆಯ ತುಂಡಿತ್ತು, ಅದರ ಬಣ್ಣವೇ ಬಿಟ್ಟಿರಬಹುದು. ಗಾಢ, ತಿಳಿ ಎಂಬ ಆ ಏರಿಳಿತವನ್ನು ನಾನು ಕಂಡದ್ದೋ, ಕಾಣಬೇಕೆಂದು ಕಂಡದ್ದೋ? ಯಾವ ಪರೀಕ್ಷೆಗೂ ಕಳಿಸಲಿಲ್ಲ. ಕಮಲವ್ವ ಮಾತ್ರ ತನ್ನದೇ ಪರೀಕ್ಷೆ ಮಾಡಿದಳು. ಬಿಡಿಸಿದ ದಾರದ ತುಣುಕೊಂದನ್ನು ನಾಲಿಗೆಯ ಮೇಲೆ ಇಟ್ಟುಕೊಂಡಳು.

“ಖಾರ ಐತೇನ?” ಎಂದೆ.

“ಬ್ಯಾಡಗಿ ಕಾಯಿ ಯಾವಾಗ ಖಾರ ಇತ್ರಿ ಅಕ್ಕೋರ? ಬಣ್ಣ ಅಷ್ಟ.” ನಗಲು ಹೋದಳು, ಪೂರ್ತಿ ಆಗಲಿಲ್ಲ. “ಅವ್ವನೂ ಹಂಗಾಮಿನ್ಯಾಗ ಪ್ಯಾಟಿಗೆ ಬಂದು ತುಂಬು ಬಿಡಸತಿದ್ಲು ಅಂತ ಚಿಗವ್ವ ಹೇಳಿದ್ಲು. ಹೇಳಿದ್ದು ಕೇಳಿದ್ದೆ. ನೋಡಿರಲಿಲ್ಲ.”

ತನ್ನ ಬಲಗೈ ಬೆರಳುಗಳನ್ನು ಆ ದಾರದ ಪಕ್ಕ ಇಟ್ಟಳು. ಬೆಳಿಗ್ಗೆಯಷ್ಟೇ ಮೆಣಸಿನಕಾಯಿ ಬಿಡಿಸಿ ಬಂದ ಬೆರಳು. ಒಂದೇ ಬಣ್ಣವಿತ್ತು ಎಂದು ನನಗೆ ನೆನಪು. ಆ ನೆನಪನ್ನು ಅನುಮಾನಿಸುವ ಶಕ್ತಿ ನನಗಿಲ್ಲ.

ಇನ್ನು ದಾರ ಆರಿಸುವುದು. ಎರಡು ರೀಲು ತಂದು ಮೇಜಿನ ಮೇಲೆ ಇಟ್ಟೆ. ಫಕ್ಕೀರಪ್ಪ ಈಗ ಒಳಗೆ ಬಂದಿದ್ದ.

“ಹತ್ತಿ ದಾರ ನನ್ನ ಬೆನ್ನ ಮ್ಯಾಲ ಕೈ ಕೊಟ್ಟಿತ್ತು, ಮರೀಬ್ಯಾಡ,” ಎಂದು ಹೆಂಡತಿಗೆ ಹೇಳಿದ. “ಪಾಲಿಸ್ಟರನ್ನ ಕೈಲೆ ಹೊಲಿ, ದೂರ ದೂರ ಹಾಕು. ಹೆಂಗ?”

ಅದು ದಡ್ಡ ಮಾತಾಗಿರಲಿಲ್ಲ. ನಾನೂ ಒಂದು ಕ್ಷಣ ಯೋಚಿಸಿದೆ. ಕಮಲವ್ವ ನನ್ನ ಮುಖ ನೋಡಿದಳು. “ಹತ್ತಿ ದಾರ ಹರದ್ರ, ಅಕ್ಕೋರ?”

“ಹರೀತೈತಿ,” ಎಂದೆ. “ಯಾವತ್ತರ ಹರದ ಹರೀತೈತಿ. ಆದ್ರ ಮೊದಲ ಹರಿಯೋದು ದಾರ. ನಿಮ್ಮವ್ವನ ಬಟ್ಟಿ ಉಳೀತೈತಿ, ನೀವು ಮತ್ತ ಹೊಲೀಬಹುದು. ಪಾಲಿಸ್ಟರ್ ಹಾಕಿದ್ರ ದಾರ ಉಳಿದು ಬಟ್ಟಿ ಹರೀಬಹುದು. ಆಮ್ಯಾಲ ಹೊಲಿಯಾಕ ಏನಿರತೈತಿ?”

ಹಳೆಯ ಬಟ್ಟೆಗೆ ಹಾಕುವ ದಾರ ಆ ಬಟ್ಟೆಗಿಂತ ಬಲವಾಗಿರಬಾರದು. ಹೊಸಬರು ನನ್ನಿಂದ ಒಂದೇ ಮಾತು ಒಯ್ಯುವುದಾದರೆ ಇದನ್ನು ಒಯ್ಯಿರಿ.

ಆಕೆ ಹತ್ತಿಯ ರೀಲು ಎತ್ತಿಕೊಂಡಳು. “ಹರದ್ರ ನಾ ಹೊಲೀತೇನಿ. ನಾ ಇಲ್ದಾಗ ಶಿಲ್ಪಾ ಹೊಲೀತಾಳ. ಹೊಲಿಲಿಕ್ಕರ ಬರಲಿ ಆಕಿಗೆ.”

ಕೌದಿಯನ್ನು ಬ್ಯಾಡಗಿಗೆ ಒಯ್ದು ಮನೆಯಲ್ಲೇ ಹೊಲಿದಳು. ನಡುನಡುವೆ ಹೋಗಿ ನೋಡುತ್ತಿದ್ದೆ. ಹೊಸ ತೂತು ಹಾಕದೆ, ಅವ್ವನ ಸೂಜಿ ಹೋದ ಹಳೆಯ ತೂತುಗಳಲ್ಲೇ ತನ್ನ ಸೂಜಿ ಹಾಯಿಸುತ್ತಿದ್ದಳು. ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಆ ತೂತುಗಳು ಚುಕ್ಕಿಗಳಂತೆ ಕಾಣುತ್ತಿದ್ದವು. ಹಾಗೆ ಹಿಡಿದು ನಮಗೆಲ್ಲ ತೋರಿಸಿದಳು. ಯಾರೋ ಒಬ್ಬಳು ಹೆಣ್ಣುಮಗಳು ಎಲ್ಲಿ ಅವಸರ ಮಾಡಿದ್ದಳು, ಎಲ್ಲಿ ನಿಧಾನಿಸಿದ್ದಳು, ಎಲ್ಲಿ ತೂಕಡಿಸಿ ಓರೆಯಾಗಿದ್ದಳು, ಎಲ್ಲವೂ ಆ ಬೆಳಕಿನ ಸಾಲಿನಲ್ಲಿತ್ತು. ನಾನು ವಿಶ್ವವಿದ್ಯಾಲಯದಲ್ಲಿ ಕಂಡದ್ದಕ್ಕಿಂತ ದೊಡ್ಡದನ್ನು ಅಲ್ಲಿ ಕಂಡೆ ಎಂದು ಬರೆಯಲು ಹೊರಟು ನಿಲ್ಲಿಸುತ್ತೇನೆ. ಎರಡೂ ಒಂದೇ ಆಗಿದ್ದಿರಬಹುದು.

ಬಿಳಿ ದಾರ ಆಕೆಯ ಬೆರಳು ದಾಟುವಾಗ ತಿಳಿಗೆಂಪಾಗುತ್ತಿತ್ತು.

“ಯವ್ವಾ, ಕೈ ತೊಳಕೊಂಡ ಹೊಲಿ,” ಎಂದಳು ಶಿಲ್ಪಾ, ಗೋಡೆಗೆ ಒರಗಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು. “ಕೂಸಿನ ಮೈ ಉರದೀತು.”

“ತೊಳದೇನಿ ಲೇ. ಎಣ್ಣಿ ಹಚ್ಚಿ, ಸಬಕಾರ ಹಚ್ಚಿ ತೊಳದೇನಿ. ಹೋಗಂಗಿಲ್ಲ ಇದು.”

“ಹಂಗಾರ ಕೌದಿನ ತೊಳಿ.”

ಶಿಲ್ಪಾ ಹೇಳಿದ್ದು ಸರಿ. ಕೂಸನ್ನು ಮಲಗಿಸುವ ಮೊದಲು ಒಗೆಯಲೇಬೇಕು. ಆದರೆ ಕೌದಿಗೆ ಒಗೆತವೇ ಗಂಡಾಂತರ. ನೀರು ಕುಡಿದ ಕೌದಿಯನ್ನು ಎತ್ತುವಾಗ ಅದರ ಭಾರವೇ ಅದನ್ನು ಹರಿಯುತ್ತದೆ. ಕಮಲವ್ವ ಕೊನೆಯ ಹೊಲಿಗೆ ಹಾಕಿ ಮುಗಿಸಿದ ಮೇಲೂ ಕೆಲವು ದಿನ ಅದನ್ನು ಮಡಚಿ ಇಟ್ಟುಕೊಂಡಿದ್ದಳು. ನನ್ನನ್ನು ಬರಹೇಳಿ, ನಾನು ಬಂದ ಮೇಲೆಯೇ ನೀರಿಗೆ ಇಳಿಸಿದಳು.

ಮನೆಯ ಮುಂದಿನ ಸಿಮೆಂಟಿನ ತೊಟ್ಟಿಯಲ್ಲಿ ನೆನೆಹಾಕಿದೆವು. ಕಲ್ಲಿಗೆ ಬಡಿಯಲಿಲ್ಲ, ಹಿಂಡಲಿಲ್ಲ. ಅಂಗೈಯಿಂದ ಒತ್ತಿ ಒತ್ತಿ ನೀರು ಬದಲಿಸಿದೆವು. ಮೊದಲ ನೀರು ತುಸು ಕೆಂಪಾಗಿ ಹೋಯಿತು. ಆಮೇಲೆ ನಾಲ್ಕು ಮೂಲೆ ಹಿಡಿಯಲು ನಿಂತೆವು: ಕಮಲವ್ವ, ಫಕ್ಕೀರಪ್ಪ, ನಾನು, ಪಕ್ಕದ ಮನೆಯ ಹೆಣ್ಣುಮಗಳು. ಶಿಲ್ಪಾ ಕಟ್ಟೆಯ ಮೇಲೆ ಕುಳಿತಿದ್ದಳು.

ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಸಂಗತಿಯಿದೆ. ನೆನೆದ ಹತ್ತಿ ದಾರ ಒಣಗಿದ್ದಕ್ಕಿಂತ ಗಟ್ಟಿ. ದಿನವೂ ಹಸಿಯಾಗಿಯೇ ಬಿಟ್ಟರೆ ಕೊಳೆಯುತ್ತದೆ ನಿಜ, ಆದರೆ ನೀರು ಕುಡಿದು ಉಬ್ಬಿದ ಆ ಹೊತ್ತಿನಲ್ಲಿ ಅದರ ಎಳೆಗಳು ಒಂದನ್ನೊಂದು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತವೆ. ಪುಸ್ತಕದಲ್ಲಿ ಓದಿದ್ದೆ, ಪಾಠ ಮಾಡಿದ್ದೆ, ಪರೀಕ್ಷೆಯಲ್ಲಿ ಪ್ರಶ್ನೆ ಹಾಕಿದ್ದೆ. ಅದರ ಮೇಲೆ ಯಾರದೋ ಜೀವ ತೂಗುವುದನ್ನು ನೋಡಿರಲಿಲ್ಲ.

“ಎತ್ರಿ,” ಎಂದಳು ಕಮಲವ್ವ.

ಕೌದಿ ನೀರಿನಿಂದ ಮೇಲೆ ಬಂತು. ನಡುವೆ ಜೋತುಬಿದ್ದು, ನೀರು ಧಾರೆಯಾಗಿ ಸುರಿಯಿತು. ಎಳೆಗರುವಿನಷ್ಟು ಭಾರ.

“ಹರೀತೇನ?” ಎಂದ ಫಕ್ಕೀರಪ್ಪ.

“ಸುಮ್ನಿರ್ರಿ. ಕೇಳೂಣು.”

ಬಟ್ಟೆ ಹರಿಯುವಾಗ ಮೊದಲು ಸದ್ದು ಬರುತ್ತದೆ. ನಾವು ನಾಲ್ವರೂ ಕಿವಿಗೊಟ್ಟು ನಿಂತೆವು. ಧಾರೆ ಸಣ್ಣದಾಯಿತು, ಹನಿಯಾಯಿತು, ಹನಿಗಳ ನಡುವಿನ ಹೊತ್ತು ಉದ್ದವಾಯಿತು. ಬೇರೆ ಸದ್ದು ಬರಲಿಲ್ಲ. ನೆನೆದ ಹೊಲಿಗೆಯ ಸಾಲುಗಳು ಬಿಸಿಲಲ್ಲಿ ನೆಟ್ಟಗೆ ಎದ್ದು ಕಂಡವು. ಅವ್ವನದು ಯಾವುದು, ಮಗಳದು ಯಾವುದು ಎಂದು ನಾನು ಹುಡುಕಿದೆ. ಅಷ್ಟು ವರ್ಷ ದಾರವನ್ನೇ ನೋಡಿದ ನನ್ನ ಕಣ್ಣಿಗೆ ತಿಳಿಯಲಿಲ್ಲ.

“ಹಿಡದೈತಿ,” ಎಂದಳು ಕಮಲವ್ವ, ತನಗೇ ಹೇಳಿಕೊಂಡಂತೆ.

ಒಣಹಾಕಲು ಹಗ್ಗ ಅಲ್ಲೇ ಇತ್ತು. ಯಾರೂ ಅತ್ತ ಹೋಗಲಿಲ್ಲ.

“ಇನ್ನ ಎಷ್ಟೊತ್ತು ಹಿಂಗ ಹಿಡಕೊಂಡ ನಿಂದರೂದು?” ಎಂದ ಫಕ್ಕೀರಪ್ಪ. “ಚೀಲ ಹೊರೂ ನನಗೂ ಕೈ ಸೋತು ಬಂದ್ವು.”

ಹಾಗೆಂದನೇ ಹೊರತು ಅವನೂ ತನ್ನ ಮೂಲೆ ಬಿಡಲಿಲ್ಲ.